ಕಂಬಳಿ ಚೂರು ಕಟ್ಟಿದ ಮುಳ್ಳು

ನವೆಂಬರ್ 9, ಭಾನುವಾರ

ಬೆಳಿಗ್ಗೆ 7.10ರ ಬಸ್ಸು. ಆಧಾರ್ ತೋರಿಸಿದೆ, ಫ್ರೀ ಟಿಕೆಟ್. ಬಬ್ಬೂರು ಫಾರಂ ಸ್ಟಾಪಿನಲ್ಲಿ ಇಳಿಯಲು ಎದ್ದಾಗ ಕಂಡಕ್ಟರ್ ವಿಚಾರಿಸಿದ, ಇಲ್ಲಿ ಯಾರ ಮನೆಗೆ ಅಂತ. ಯಾರ ಮನೆಗೂ ಇಲ್ಲ, ನಡೆಯೋಕೆ ಅಂದೆ. ನಡೆಯುವವಳಿಗೆ ಬಸ್ಸು ಯಾಕೆ ಎಂಬಂತೆ ನೋಡಿದ.

ನ್ಯಾಯವಾದ ನೋಟವೇ. ಒಂದು ಕಾಲಕ್ಕೆ ನಮ್ಮ ಕರಪತ್ರ ಅಚ್ಚು ಹಾಕುತ್ತಿದ್ದ ದಯಾನಂದ ಈಗ ಚಿತ್ರದುರ್ಗದಲ್ಲಿ ಪುಸ್ತಕ ತರುತ್ತಾನೆ. ವೇದಾವತಿ ಕಣಿವೆಯಲ್ಲಿ ಬಸ್ಸಿಳಿದು ನಡೆಯಬಹುದಾದ ಎಂಟು ದಾರಿಗಳ ಬಗ್ಗೆ ಕಿರುಪುಸ್ತಕ ಬರೆದುಕೊಡಿ ಯಶೋದಕ್ಕ ಅಂದ. ಒಪ್ಪಿಕೊಂಡೆ. ರಿಟೈರ್ ಆದ ಟೀಚರಿಗೆ ಬೇರೇನು ಕೆಲಸ? ಮೆರವಣಿಗೆಯಲ್ಲಿ ಸವೆದ ಕಾಲು, ಈಗ ಹೊಟ್ಟೆ ಕರಗಿಸುವವರಿಗೆ ದಾರಿ ಅಳೆಯುತ್ತಿದೆ.

ಇವತ್ತು ಮೂರನೇ ದಾರಿ. ಸ್ಟಾಪಿನಿಂದ ಮೋರಿಗೆ ಆರು ನಿಮಿಷ. ಅಲ್ಲಿಂದ ತೆಂಗಿನ ತೋಟದ ಪಕ್ಕ ಹೊಳೆಗೆ ಇಳಿಯುವ ಕುರಿದಾರಿ. ಹದಿನಾಲ್ಕು ನಿಮಿಷ ನಡೆದು ನಿಂತೆ. ಅಡ್ಡ ಮುಳ್ಳು. ಜಾಲಿಯ ದೊಡ್ಡ ದೊಡ್ಡ ಕಂಟಿಗಳು, ಎದೆಮಟ್ಟ. ಪಕ್ಕದಲ್ಲೇ ತೋಟದ ಹೊಸ ಕಾಂಪೌಂಡು, ಹೊಸ ಗೇಟು. ಯಾರ ಕೆಲಸ ಅಂತ ಕೇಳಬೇಕೆ?

ಮೈ ಉರಿಯಿತು. ಎಂಬತ್ತೇಳರಲ್ಲಿ ಹೊಳಲ್ಕೆರೆ ಕಡೆ, ಕೇರಿಯವರ ದಾರಿಗೆ ಹಾಕಿದ್ದ ತಂತಿಬೇಲಿ ಕಿತ್ತಾಗ ನಲವತ್ತು ಜನ ಇದ್ದೆವು, ಪೊಲೀಸರ ಕಣ್ಣೆದುರೇ. ಇವತ್ತು ಒಬ್ಬಳೇ. ಊರುಗೋಲು ತೂರಿಸಿ ಒಂದೊಂದೇ ಎಳೆದು ಬದಿಗೆ ಹಾಕಿದೆ. ಮುಕ್ಕಾಲು ಗಂಟೆ. ಕೈಯೆಲ್ಲ ರಕ್ತ. ಮೇಲಿನ ಕೊಂಬೆಗೆ ಕರಿ ಬಟ್ಟೆಯ ಚೂರೊಂದು ಸುತ್ತಿಕೊಂಡಿತ್ತು — ಕಿತ್ತು ಬಿಸಾಡಿದೆ.

ಹೊಳೆ ಇನ್ನೂ ಸ್ವಲ್ಪ ದೂರ. ಮಂಡಿ ಕೇಳಲಿಲ್ಲ, ವಾಪಸ್. ಉಳಿದದ್ದು ಎಂಟು ನಿಮಿಷ ಅಂತ ಅಂದಾಜು ಬರೆದೆ. ಕೆಳಗೆ — 'ದಾರಿ ಮುಕ್ತ'.

ಎಷ್ಟೋ ತಿಂಗಳ ಮೇಲೆ ಊಟ ರುಚಿಸಿತು.

ನವೆಂಬರ್ 12

ಹೆಬ್ಬೆರಳು ಊದಿದೆ. ಮುರಿದ ಮುಳ್ಳು ಒಳಗೇ ಇದೆ.

ದಯಾನಂದನ ಫೋನ್. ಎರಡನೇ ದಾರಿಯ ಬರಹದಲ್ಲಿ ಸಿಟ್ಟು ಜಾಸ್ತಿಯಾಯಿತಂತೆ. ಓದುವವರಿಗೆ ನೆರಳೆಲ್ಲಿ, ಟೀ ಎಲ್ಲಿ, ವಾಪಸ್ ಬಸ್ಸು ಎಷ್ಟೊತ್ತಿಗೆ ಅಷ್ಟು ಸಾಕಂತೆ. ನೆಲದ ಬಗ್ಗೆ ಬರೆಯಬೇಕು, ನೆಲ ಯಾರದ್ದು ಅಂತ ಬರೆಯಬಾರದು! ವಾದ ಮಾಡಲಿಲ್ಲ. ಸುಸ್ತು.

ನವೆಂಬರ್ 16, ಭಾನುವಾರ

ಮತ್ತೆ ಮೂರನೇ ದಾರಿ, ಆ ಎಂಟು ನಿಮಿಷ ಸರಿಯಾಗಿ ಅಳೆಯಲು.

ಮುಳ್ಳಿದ್ದ ಜಾಗ ದಾಟಿ ನಡೆದೆ. ಎಂಟಲ್ಲ, ಮೂರೇ ನಿಮಿಷ. ಆಮೇಲೆ ದಾರಿಯೇ ಇಲ್ಲ. ಮರಳಿಗಾಗಿ ದಂಡೆಯವರೆಗೂ ತೋಡಿದ ಗುಂಡಿ. ಮಳೆನೀರು ತುಂಬಿದೆ. ಅಂಚಿನಲ್ಲಿ ಹಸಿರು ಹುಲ್ಲು. ಹುಲ್ಲಿನ ಕೆಳಗೆ ಮಣ್ಣಿಲ್ಲ, ಟೊಳ್ಳು.

ವಾಪಸ್ ಬರುವಾಗ ಕುರಿ ರೊಪ್ಪದ ಬಾಗಿಲಲ್ಲಿ ಒಬ್ಬಳು ಕೂತಿದ್ದಳು. ನನ್ನ ವಯಸ್ಸು. ಪಾಲಮ್ಮ ಅಂತ ಹೆಸರು. ಕುಂತ್ಕಳ್ರಿ ಅಕ್ಕ ಅಂದಳು, ಕರಿ ಟೀ ಕೊಟ್ಟಳು. ಮಾತಿಗೆ ಜನ ಬೇಕಿತ್ತು ಅವಳಿಗೆ. ಕಳೆದ ಸೋಮವಾರ ಬೆಳಿಗ್ಗೆ ಹನ್ನೊಂದು ಮರಿ ಗುಂಡಿಗೆ ಬಿದ್ದು ಸತ್ತವಂತೆ. ಬೇಸಿಗೆಯಲ್ಲಿ ಲಾರಿಯವರು ತೋಡಿಹೋದ ಗುಂಡಿ. ಮಳೆ ಹಿಡಿದಾಗಲೇ ಮುಳ್ಳು ಹಾಕಿ ದಾರಿ ಕಟ್ಟಿದ್ದಳು. ತನ್ನ ಕಂಬಳಿಯ ಚೂರು ಹರಿದು ಮೇಲೆ ಕಟ್ಟಿದ್ದಳು. ಮುಂದೆ ಅಪಾಯ ಇದೆ, ಮಂದೆ ಬಿಡಬೇಡಿ ಅಂತ ಅದರ ಅರ್ಥ. ಇಬ್ಬರು ಕುರುಬರು ಹೊಡೆದಾಡಿದ್ದರೂ ಒಬ್ಬ ಕಟ್ಟಿದ್ದನ್ನು ಇನ್ನೊಬ್ಬ ಮುಟ್ಟುವುದಿಲ್ಲ.

"ಬೇಲಿ ತೆಗೆದೋರು ಯಾರು ಅಂತ ಗೊತ್ತೈತಾ?" ಕೇಳಿದೆ. ನನ್ನ ದನಿಯೇ ಅದು?

"ಇನ್ಯಾರ್ರಿ, ನಮ್ ಮೈದ್ನ ಸಣ್ಣಪ್ಪ. ನೀರಿಗೆ ಸುತ್ ಹಾಕ್ಕೊಂಡು ಹೋಗ್ಬೇಕು ಅಂತ ದಿನಾ ಗೊಣಗೋನು. ಹೊರಗ್ನೋರಿಗೆ ಆ ಮುಳ್ಳಿನಾಗೆ ಏನ್ ಕೆಲ್ಸ ಐತೆ?"

ಇಪ್ಪತ್ತೆರಡು ವರ್ಷ ಜೊತೆಯಲ್ಲಿ ಕುರಿ ಕಾಯ್ದವನು. ಗಂಡ ಸತ್ತಾಗ ಇವಳ ಮಂದೆ ಉಳಿಸಿಕೊಟ್ಟವನು. ಮಂದೆ ಬೇರೆ ಮಾಡಿ ಕಳಿಸಿಬಿಟ್ಟಿದ್ದಾಳೆ. ಆದಿವಾಲದ ಕಡೆ ಹೋಗಿದ್ದಾನಂತೆ. ನನ್ನ ಬೆರಳಿನ ಪಟ್ಟಿ ನೋಡಿ, ಏನಾತು ಅಕ್ಕ ಅಂದಳು.

ಮುಳ್ಳು ಚುಚ್ಚಿತು ಅಂದೆ.

ಒಳಗಿಂದ ಎಕ್ಕದ ಹಾಲು ತಂದು ಹಚ್ಚಿ ಕಳಿಸಿದಳು.

ನವೆಂಬರ್ 29

ಈ ಮಧ್ಯೆ ನಾಲ್ಕನೆಯದು, ಐದನೆಯದು ಮುಗಿಸಿದೆ, ಹೊಸದುರ್ಗದ ಕಡೆ. ಬಸ್ಸು, ನಡಿಗೆ, ಬಸ್ಸು. ಏನೂ ಬರೆದಿಲ್ಲ. ಏನು ನೋಡಿದೆ ಅಂತಲೂ ನೆನಪಿಲ್ಲ.

ಪ್ರೂಫ್ ಬಂತು. ಮೂರನೇ ದಾರಿ, ಮೊದಲ ವಾರವೇ ಕಳಿಸಿಬಿಟ್ಟದ್ದು, ದಪ್ಪ ಅಕ್ಷರ — 'ದಾರಿ ಮುಕ್ತ'.

ಗುಂಡಿ ತೋಡಿದವರ ಮೇಲೆ ಲೇಖನ ಬರೆಯಬಹುದು. ನಾಲ್ಕು ಪುಟ, ಬೆಂಕಿಯಂಥದ್ದು. ಒಂದು ಸಂಜೆಗೆ ಮುಗಿಯುತ್ತದೆ. ಅದರಲ್ಲಿ ಸುಳ್ಳೂ ಇರುವುದಿಲ್ಲ. ಹೊಳೆಯನ್ನು ತಿಂದವರು ಅವರೇ. ಕೂತೆ, ಅರ್ಧ ಪುಟ ಬರೆದೆ... ಹರಿದೆ. ಮುಳ್ಳು ಎಳೆದದ್ದು ಲಾರಿ ಅಲ್ಲ. ಮೂರು ನಿಮಿಷ ಮುಂದೆ ಹೋಗಿ ನೋಡಿದ್ದರೆ ಸಾಕಿತ್ತು. ದಾರಿ ಬಿಡಿಸಿದೆ ಅಂತ ಬೀಗಿದವಳು ಆ ದಾರಿಯಲ್ಲಿ ನಡೆದೇ ಇರಲಿಲ್ಲ.

ಡಿಸೆಂಬರ್ 3, ಬುಧವಾರ

ಆದಿವಾಲ. ಹೈವೇಯಲ್ಲಿ ಇಳಿದು ಒಂದೂವರೆ ಗಂಟೆ ಹುಡುಕಾಟ. ಇದು ಯಾವ ಪುಸ್ತಕಕ್ಕೂ ಅಲ್ಲ.

ಶೇಂಗಾ ಕಿತ್ತ ಹೊಲದಲ್ಲಿ ಸಣ್ಣಪ್ಪ ಕುರಿ ಬಿಟ್ಟುಕೊಂಡು ನಿಂತಿದ್ದ. ಐವತ್ತರ ಮೇಲಿನವನು, ಹೆಗಲ ಮೇಲೆ ಕಂಬಳಿ. ನಿಂತಲ್ಲೇ ಎಲ್ಲ ಹೇಳಿದೆ. ಕಾಂಪೌಂಡಿನವರು ಅಂತ ತಿಳಿದೆ, ಚೂರಿನ ಅರ್ಥ ಗೊತ್ತಿರಲಿಲ್ಲ, ತಪ್ಪಾಯಿತು. ಜೀವಮಾನದಲ್ಲಿ ಇಷ್ಟು ಕೆಟ್ಟ ಭಾಷಣ ಮಾಡಿರಲಿಲ್ಲ.

ಬೈಯುತ್ತಾನೆ ಅಂದುಕೊಂಡಿದ್ದೆ. ಕುರಿಗಳ ಕಡೆ ನೋಡುತ್ತಾ ಬೀಡಿ ಹಚ್ಚಿದ.

"ನಾನ್ ತೆಗ್ದಿಲ್ಲ ಅಂತ ನಂಗ್ ಗೊತ್ತೈತಲ್ಲವ್ವಾ. ಅದ್ನ ಹೇಳಾಕೆ ಇಷ್ಟ್ ದೂರ ಬಂದ್ರಾ?"

ಬೀಡಿಯ ಬೂದಿ ಕೊಡವಿದ.

"ಬಬ್ಬೂರಿಗೂ ಬಸ್ ಐತೆ," ಅಂದ. "ನಿಮಗ್ ಟಿಕೀಟೂ ಇಲ್ಲ."

ಹೊರಡುವಾಗ ಹಿಂದಿನಿಂದ ಕೂಗಿ ಕೇಳಿದ, ಅತ್ತಿಗೆ ಆ ದಾರಿಗೆ ಮತ್ತೆ ಮುಳ್ಳು ಹಾಕಿದ್ದಾಳೋ ಇಲ್ಲವೋ ಅಂತ. ಆ ಕಂಟಿ ಎಳೆದು ಹಾಕುವುದು ಸುಲಭ, ಎತ್ತಿ ಕಟ್ಟುವುದು ಒಬ್ಬರ ಕೈಲಿ ಆಗುವ ಕೆಲಸವಲ್ಲ, ಆಚೆ ತುದಿಗೆ ಒಬ್ಬರು ಬೇಕು, ಯಾವಾಗಲೂ ತಾನೇ ಹಿಡಿಯುತ್ತಿದ್ದೆ ಅಂದ.

ಡಿಸೆಂಬರ್ 7, ಭಾನುವಾರ. 7.10

ಅದೇ ಬಸ್ಸು. ಕಂಡಕ್ಟರ್ ಈ ಸಲ ಏನೂ ಕೇಳಲಿಲ್ಲ. ಮೂರನೇ ದಾರಿ ಪುಸ್ತಕದಿಂದ ತೆಗೆಯಲು ದಯಾನಂದನಿಗೆ ಹೇಳಿದ್ದೇನೆ. ಯಾಕೆ ಅಂದ. ಬಂದು ಹೇಳ್ತೀನಿ ಅಂದೆ.

8.05

ತೋಟದ ಕಾಂಪೌಂಡಿನ ಮೂಲೆ. ಇಪ್ಪತ್ತು ನಿಮಿಷದ ದಾರಿಗೆ ನಲವತ್ತು. ಮಂಡಿಯ ತಪ್ಪಲ್ಲ.

ಇಲ್ಲಿಂದಲೇ ಕಾಣುತ್ತಾಳೆ ಪಾಲಮ್ಮ. ಒಬ್ಬಳೇ ಕಂಟಿ ಎಳೆಯುತ್ತಿದ್ದಾಳೆ. ಒಂದು ತುದಿ ಎತ್ತಿದರೆ ಇನ್ನೊಂದು ಮಣ್ಣಿಗೆ ಕಚ್ಚಿಕೊಳ್ಳುತ್ತದೆ. ಬಿಡುತ್ತಾಳೆ, ಮತ್ತೆ ಎತ್ತುತ್ತಾಳೆ. ಸೊಂಟದಲ್ಲಿ ಕರಿ ಚೂರು ಸಿಗಿಸಿಕೊಂಡಿದ್ದಾಳೆ. ಈಗ ನನ್ನನ್ನು ನೋಡಿದಳು. ಕೈ ಬೀಸಿ ಕರೆಯುತ್ತಿದ್ದಾಳೆ — "ಅಕ್ಕಾ, ಬರ್ರಿ, ಆ ತುದಿ ಹಿಡ್ಕಳ್ರಿ."

ಹಿಡಿಯುವ ಮೊದಲೇ ಹೇಳಬೇಕು. ಹಿಡಿದ ಮೇಲೆ ಹೇಳಿದರೆ ಅದೂ ಮೋಸ. ಭಾಷಣ ಬೇಡ, ಲಾರಿ ಬೇಡ, ಎಂಬತ್ತೇಳು ಬೇಡ. ಒಂದೇ ಮಾತು. ಪಾಲಮ್ಮ, ಸಣ್ಣಪ್ಪ ಅಲ್ಲ, ಅದನ್ನು ತೆಗೆದವಳು