ಲಕ್ಕಣ್ಣನ ಹಸು ತಿಂದ ಹುಲ್ಲು

ಶಾಂತಲಾ,

ನಿನ್ನ ಕ್ಷೇಮ ಕೇಳೋ ಮನಸ್ಸಿಲ್ಲ. ಬೆಳಗಿನಿಂದ ಮೈಯೆಲ್ಲ ಉರೀತಿದೆ. ಇದನ್ನ ಕಳಿಸೋದೂ ಇಲ್ಲ, ನಿನ್ನ ನಂಬರ್ ಬ್ಲಾಕ್ ಮಾಡಿದ್ದೇ ನಾನು.

ನಾವಿಬ್ಬರೂ ಸೇರಿ ಶುರು ಮಾಡಿದ್ದ ಹೆಸರಘಟ್ಟದ ನರ್ಸರಿಗೆ ಇವತ್ತು ಪಕ್ಕದ ಹೊಲದ ಲಕ್ಕಣ್ಣ ಬಂದಿದ್ದ. ಕೈಯಲ್ಲಿ ಒಂದು ಹಿಡಿ ಉದ್ದನೆ ಹುಲ್ಲು. "ಬದು ಮ್ಯಾಲೆ ಬೆಳ್ದಿತ್ತು. ಸೀಮೆಹುಲ್ಲು ಅನ್ಕಂಡು ಅಸೂಗೆ ಆಕ್ದೆ ಕಣಮ್ಮ. ಬಾಯೆಲ್ಲ ಕುಯ್ದೋಗದೆ," ಅಂದ. ಎಲೆಯ ಅಂಚಿನ ಮೇಲೆ ಬೆರಳಾಡಿಸಿದೆ. ಗರಗಸದ ಹಾಗಿತ್ತು. ಅಲಂಕಾರಕ್ಕೆ ಅಂತ ನಾವು ಬೆಳೆಸೋ ಪಂಪಾಸ್ ಹುಲ್ಲೇ.

ನಾನು ಅದನ್ನ ತಂದ ದಿನವೇ ನೀನು ಹೇಳಿದ್ದೆ, ತೆನೆ ಅರಳೋಕೆ ಮುಂಚೆ ಕತ್ತರಿಸಬೇಕು, ಬೀಜ ಹಾರಿದ್ರೆ ಇಲ್ಲಿನ ಹುಲ್ಲುಗಾವಲೇ ಹಾಳಾಗುತ್ತೆ ಅಂತ. ಮದುವೆ ಸ್ಟೇಜ್ ಅಲಂಕಾರದವರಿಗೆ ಅರಳಿದ ಬಿಳಿ ತೆನೆಯೇ ಬೇಕಿತ್ತು. ನಿನಗೆ ಹೊಟ್ಟೆಕಿಚ್ಚು ಅಂದುಬಿಟ್ಟೆ. ನೀನು ಗ್ಲೌಸ್ ಬಿಚ್ಚಿಟ್ಟು ಹೊರಟೇ ಹೋದೆ.

ಯಾಕೆ ಹೋದೆ? ಅಷ್ಟೆಲ್ಲ ಗೊತ್ತಿದ್ದವಳು ನನ್ನ ಕಪಾಳಕ್ಕೆ ಬಾರಿಸಿ, ಕುಡುಗೋಲು ತಗೊಂಡು ನೀನೇ ಕತ್ತರಿಸಬಾರದಿತ್ತಾ? ಜಗಳ ಆಡಬೇಕಿತ್ತು ಕಣೆ! ಬಾಯಿ ಮುಚ್ಕೊಂಡು ಹೋಗೋದು ದೊಡ್ಡಸ್ತಿಕೆ ಅನ್ಕೊಂಡ್ಯಾ?

ಮಧ್ಯಾಹ್ನ ಗುದ್ದಲಿ ಹಿಡಿದು ಹೋಗಿ, ಅವನ ಬದುವಿನಲ್ಲಿದ್ದ ಏಳು ಬುಡಗಳನ್ನೂ ಬೇರು ಸಮೇತ ಅಗೆದು ತೆಗೆದೆ. ನಿನ್ನ ಗ್ಲೌಸೇ ಹಾಕ್ಕೊಂಡಿದ್ದೆ. ಆದರೂ ಮೊಣಕೈವರೆಗೆ ಗೀರು ಬಿದ್ದಿದೆ. ಹಸು ಇನ್ನೂ ಮೇವು ಮುಟ್ಟಿಲ್ಲ.

ನಾನು ಹೊರಡುವಾಗ ಲಕ್ಕಣ್ಣ ಕೇಳಿದ, "ಯಾರಮ್ಮ ಇದ್ನ ಇಲ್ಲಿಗೆ ತಂದೋರು?"

ನಿನ್ನ ಹೆಸರು ಹೇಳಿದೆ.