ಅಂಟಿನುಂಡಿಯ ಡಬ್ಬಿ

ವನದುರ್ಗ
೧೪-೧೧-೧೯೯೭, ಶುಕ್ರವಾರ

ಸುರಪುರದ ಕಾಲುವೆ ಕ್ಯಾಂಪಿನಲ್ಲಿರುವ ನನ್ನ ಯಜಮಾನರಾದ ಹಣಮಂತ್ರಾಯರಿಗೆ ಮರಿಲಿಂಗಮ್ಮನ ನಮಸ್ಕಾರ. ಸಿಟ್ಟಿಗೆ ಹರಿದು ಹಾಕಬೇಡಿ. ಪೂರ್ತಿ ಓದಿ, ಆಮೇಲೆ ಬೇಕಾದ್ದು ಮಾಡಿ.

ನಿನ್ನೆ ನಮ್ಮಣ್ಣ ಅಮರಪ್ಪನನ್ನು ಯಾದಗಿರಿ ದವಾಖಾನೆಗೆ ಕರೆದೊಯ್ದಿದ್ದೆ. ಕಾಲ್ಬೆರಳ ಹುಣ್ಣು ಎರಡು ತಿಂಗಳಾದರೂ ಮಾಯ್ದಿಲ್ಲ. ರಕ್ತ ನೋಡಿ ಸಕ್ಕರೆ ಕಾಯಿಲೆ ಎಂದರು. ಇನ್ನು ಬೆಲ್ಲದ ಹೆಸರೆತ್ತುವ ಹಾಗಿಲ್ಲ. ಹಬೀಬಾ ಎಂಬ ನರ್ಸಬಾಯಿ ನನ್ನನ್ನು ಕೂರಿಸಿಕೊಂಡು ತಿಳಿಸಿ ಹೇಳಿದಳು. ಸಕ್ಕರೆ ಬಹಳ ದಿನ ಏರಿಯೇ ಇದ್ದರೆ ಸಣ್ಣ ರಕ್ತನಾಳಗಳ ಒಳಪದರದ ಜೀವಕೋಶಗಳು ಹಾಳಾಗುತ್ತವಂತೆ, ನರಗಳೂ ಸೊರಗುತ್ತವಂತೆ. ಹಿಗ್ಗಬೇಕಾದಾಗ ನಾಳ ಹಿಗ್ಗುವುದಿಲ್ಲ, ರಕ್ತ ಮುಟ್ಟಬೇಕಾದಲ್ಲಿಗೆ ಮುಟ್ಟುವುದಿಲ್ಲ, ನಿಮ್ಮ ಕಾಲುವೆಯ ಕೊನೆಯ ಹೊಲದ ಹಾಗೆ. ಕಣ್ಣು, ಕಿಡ್ನಿ, ಪಾದ ಎನ್ನುತ್ತ ಬಂದವಳು ದನಿ ತಗ್ಗಿಸಿ, "ಗಂಡಸರಿಗೆ ಹೆಂಡ್ತಿ ಹತ್ರ ಹೋಗೋ ತಾಕತ್ತೂ ಕಮ್ಮಿ ಆಗ್ತದ್ರಿ. ಮನಸಿರ್ತದ, ಮೈ ಕೇಳಂಗಿಲ್ಲ. ನಾಚಿಕಿಗೆ ಬಾಯಿ ಬಿಡಂಗಿಲ್ಲ" ಎಂದಳು.

ಅಣ್ಣನ ಕಾಲು ಮರೆತೇ ಹೋಯಿತು, ನೀವೇ ನೆನಪಾದಿರಿ.

ನೀವು ಕೊಡಗಟ್ಟಲೆ ನೀರು ಕುಡಿಯುತ್ತಿದ್ದಿರಿ. ನೀವು ಹೋಗಿ ಬಂದ ಬಚ್ಚಲಿಗೆ ಇರುವೆ ಮುತ್ತುತ್ತಿದ್ದವು. ಮೈಯೆಲ್ಲ ಬೆಲ್ಲವೇನ್ರಿ ಎಂದು ನಾನು ಚೇಷ್ಟೆ ಮಾಡಿದ್ದೆ. ಒಮ್ಮೆ ಚಪ್ಪಲಿ ಜಾರಿದ್ದು ತಿಳಿಯದೆ ಕಾಲುವೆ ಗೇಟಿನ ತನಕ ಬರಿಗಾಲಲ್ಲಿ ನಡೆದಿದ್ದಿರಿ. ಎಲ್ಲ ಕಣ್ಣೆದುರಿಗೇ ಇತ್ತಲ್ಲ! ಅಂಗನವಾಡಿಯಲ್ಲಿ ಊರ ಮಕ್ಕಳನ್ನೆಲ್ಲ ತೂಗುವ ನಾನು, ಮನೆಯ ಗಂಡ ಸೊರಗಿದ್ದೇಕೆಂದು ಕೇಳಲಿಲ್ಲ.

ನೀವು ಎರಡು ವರ್ಷ ಗೋಡೆಗೆ ಮುಖ ಮಾಡಿ ಮಲಗಿದಿರಿ. ಕ್ಯಾಂಪಿನಲ್ಲಿ ಯಾರನ್ನೋ ಇಟ್ಟುಕೊಂಡಿದ್ದಾರೆ ಎಂದು ಹುಯಿಲೆಬ್ಬಿಸಿ ಆರು ತಿಂಗಳ ಹಿಂದೆ ತವರಿಗೆ ಬಂದೆ. ದುರಗಪ್ಪಮಾವನ ಮನೆ ಕಟ್ಟೆಯ ಮೇಲೆ ಕೂಡಿದ ಊರ ಹಿರಿಯರು ಕೇಳಿದಾಗ ನೀವು ತಲೆ ತಗ್ಗಿಸಿ, "ಹೌದ್ರಿ, ಒಬ್ಬಾಕಿ ಅದಾಳ" ಎಂದುಬಿಟ್ಟಿರಿ. ಇಲ್ಲದವಳನ್ನು ಇದ್ದಾಳೆ ಎಂದಿರಿ! ನನ್ನ ಕೈಲಾಗುತ್ತಿಲ್ಲ ಎನ್ನುವುದಕ್ಕಿಂತ ಕೆಟ್ಟವನೆನಿಸಿಕೊಳ್ಳುವುದೇ ಸುಲಭವಾಯಿತೇ ನಿಮಗೆ?

ಸೋಮವಾರ ಸೋಡಚೀಟಿ ಬರೆದು ನಮ್ಮಿಬ್ಬರನ್ನು ಬಿಡಿಸಲು ಹಿರಿಯರು ಮತ್ತೆ ಕೂಡುತ್ತಾರೆ. ನಾನು ಅಲ್ಲಿಗೆ ಬರುವುದಿಲ್ಲ. ಬೆಳಿಗ್ಗೆಯೇ ಯಾದಗಿರಿ ದವಾಖಾನೆಯ ಬಾಗಿಲಲ್ಲಿ ನಿಂತಿರುತ್ತೇನೆ. ಏನೂ ತಿನ್ನದೆ ಬನ್ನಿ, ರಕ್ತ ಕೊಡಬೇಕು. ಇದೇ ಕಾಯಿಲೆ ಎಂದು ನಾನು ಹೇಳಲಾರೆ, ಪರೀಕ್ಷೆ ಹೇಳುತ್ತದೆ. ಸಕ್ಕರೆ ಹಿಡಿತಕ್ಕೆ ಬಂದರೆ ಮುಂದಿನ ಹಾನಿ ತಡೆಯಬಹುದು, ಆ ತೊಂದರೆಗೂ ಉಪಚಾರ ಇದೆ ಎಂದಳು ಹಬೀಬಾ. ಅದು ಮರಳಿ ಬಾರದಿದ್ದರೂ ನನಗೆ ನೀವು ಬೇಕು. ಬರಿಗಾಲಲ್ಲಿ ಮಾತ್ರ ಬರಬೇಡಿ.

ಇನ್ನೂ ನಿಮ್ಮವಳೇ,
ಮರಿಲಿಂಗಮ್ಮ

ತಾ.ಕ.: ಈ ಪತ್ರ ತಂದುಕೊಟ್ಟ ಬಸ್ ಡ್ರೈವರ್ ಬಾಷುಮಿಯಾ ತಿಂಗಳಿಗೊಮ್ಮೆ ನಿಮಗೊಂದು ಅಂಟಿನುಂಡಿ ಡಬ್ಬಿ ಕೊಡುತ್ತಾನಲ್ಲ, ಅದು ನಿಮ್ಮಕ್ಕ ಕರೆಮ್ಮ ಕಳಿಸಿದ್ದಲ್ಲ. ನಾನು ಕಳಿಸಿದ್ದು. ಬಾಣಂತಿಗೆ ಬಲ ಕೊಡುವ ಉಂಡಿ ನಿಮಗೂ ಕೊಟ್ಟೀತು ಎಂದು ಬೆಲ್ಲ, ಉತ್ತತ್ತಿ ಹೆಚ್ಚಿಗೆ ಹಾಕಿ ಕಟ್ಟುತ್ತಿದ್ದೆ. ಅಂದರೆ ಕ್ಯಾಂಪಿನಲ್ಲಿ ಒಬ್ಬಾಕಿ ಇದ್ದಾಳೆಂಬುದನ್ನು ನಾನೂ ನಂಬಿರಲಿಲ್ಲ, ನೀವು ಮುಖ ತಿರುಗಿಸಿದ ಸಿಟ್ಟಿಗೆ ಹುಯಿಲೆಬ್ಬಿಸಿದ್ದೆ. ಹಿರಿಯರ ಮುಂದೆ ಸುಳ್ಳು ಹೇಳಿದವರು ನೀವೊಬ್ಬರೇ ಅಲ್ಲ. ಡಬ್ಬಿಯಲ್ಲಿ ಉಳಿದದ್ದನ್ನು ಈಗಲೇ ಚೆಲ್ಲಿ, ಒಂದನ್ನೂ ಬಾಯಿಗೆ ಹಾಕಬೇಡಿ.