ಗೋಡೆಯಾಚೆಯಿಂದ ಬಂದ ಚೆಂಡು

ಗುರುವಾರ, ಅಕ್ಟೋಬರ್ 12

ಒಂದೇ ಒಂದು ಮಾತು ಹೇಳಬೇಕಿತ್ತು. ನಾಲಿಗೆ ಏಳಲಿಲ್ಲ.

ನಮ್ಮ ಗೋಲಿನ ಹಿಂದಿನ ಗೋಡೆಯಾಚೆ ಸ್ಮಶಾನ. ಗುರಿ ತಪ್ಪಿದ ಚೆಂಡೆಲ್ಲ ಬೀಳುವುದು ಅಲ್ಲಿಗೇ. ಮಾಲಕಿ ಎಂಬ ಮುದುಕ ದಿನಾ ಹೆಂಡತಿಯ ಗೋರಿಯ ಬಳಿ ಕೂತಿರುತ್ತಿದ್ದ. ಗೊಣಗುತ್ತ ಎದ್ದು ಚೆಂಡನ್ನು ವಾಪಸ್ ಎಸೆಯುತ್ತಿದ್ದ. ಗೋಲ್‌ಕೀಪರ್ ಆದ ನಾನು "ಥ್ಯಾಂಕ್ಸ್ ಅಜ್ಜ" ಅನ್ನಲೇಬೇಕು. ಮರೆತರೆ ರಾತ್ರಿ ಮನೆಗೇ ಬಂದು ಬಾಗಿಲು ತಟ್ಟುತ್ತಿದ್ದ. "ಏನೋ ಫಿಯಾಕ್ರಾ, ನಾನೇನು ನಿಮ್ಮಪ್ಪನ ಆಳಾ?" ಥ್ಯಾಂಕ್ಸ್ ಹೇಳಿಸಿಕೊಂಡೇ ಹೋಗುತ್ತಿದ್ದ.

ಸೋಮವಾರ ಅವನನ್ನೂ ಅಲ್ಲೇ ಹೂಳಿದೆವು, ಪೆಟ್ಟಿಗೆಯ ಮೇಲೆ ಕ್ಲಬ್ಬಿನ ಜೆರ್ಸಿ ಹೊದಿಸಿ.

ಇವತ್ತು ಸಂಜೆ ಹರ್ಲಿಂಗ್ ಆಟದ ಅಭ್ಯಾಸದಲ್ಲಿ ಓವನ್ ಕೋಲಿನಿಂದ ಹೊಡೆದ ಚೆಂಡು ಗೋಡೆ ದಾಟಿತು. ತರಲೆಂದು ನಾನು ಕೋಲು ಕೆಳಗಿಟ್ಟೆ. ಅಷ್ಟರಲ್ಲಿ ಚೆಂಡು ಆಚೆಯಿಂದ ಹಾರಿಬಂದು ನನ್ನ ಕಾಲ ಬಳಿ ಬಿತ್ತು.

ಎಲ್ಲರೂ ನಿಂತಲ್ಲೇ ನಿಂತರು. ಕೋಚ್ ಕೋಲ್ಮನ್ ಗೋಡೆ ಹತ್ತಿ ನೋಡಿ ಇಳಿದ. ಮುಖ ಬಿಳಿಚಿಕೊಂಡಿತ್ತು.

"ಯಾರಿದ್ರು?" ಅಂದೆ.

"ಯಾರೂ ಇಲ್ಲ ಕಣೋ. ಬಾಯಿ ಮುಚ್ಕೊಂಡು ಆಡ್ರೋ, ಭಾನುವಾರ ಫೈನಲ್ ಇದೆ."

ಆಡಿದೆವು. ಥ್ಯಾಂಕ್ಸ್ ಹೇಳಿದರೆ ಎಸೆದವನು ಅವನೇ ಅಂತ ಒಪ್ಪಿಕೊಂಡ ಹಾಗಲ್ಲವೇ? ಅದಕ್ಕೇ ಹೇಳಲಿಲ್ಲ. ಹೇಡಿ ನಾನು. ಬೆಳಿಗ್ಗೆ ಗೋಡೆಯ ಹತ್ತಿರ ಹೋಗಿ ಹೇಳಿಬಿಡುತ್ತೇನೆ.

ಕೆಳಗೆ ಯಾರೋ ಬಾಗಿಲು ತಟ್ಟಿದರು.

ಗುರುತಿಲ್ಲದವರು ಬಂದರೆ ನಮ್ಮ ನಾಯಿ ಊರನ್ನೇ ಎಬ್ಬಿಸುತ್ತದೆ. ಈಗ ಬೊಗಳುತ್ತಿಲ್ಲ. ಅದರ ಬಾಲ ನೆಲಕ್ಕೆ ಬಡಿಯುವ ಸದ್ದು ಮಾತ್ರ ಕೇಳಿಸುತ್ತಿದೆ.